ಅರವತ್ತು ಮೀನು, ಒಂದು ಹಿಡಿ ಹಕ್ಕರಕಿ

ಹೆಬ್ಬಗೋಡಿ
3 ನವೆಂಬರ್ 2024

ಗಂಗಪ್ಪ ಸರ್ ಅವರಿಗೆ ಮಹಾದೇವಿಯ ಶರಣು.

ನೀವು ನನ್ನನ್ನು ಕಂಡಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಸ್ವಲ್ಪ ಮುಂದೆ, ಹೆಬ್ಬಗೋಡಿಯಲ್ಲಿ, ಹದಿನೆಂಟು ವರ್ಷಗಳಿಂದ ಲಿಂಗಾಯತ ಖಾನಾವಳಿ ನಡೆಸುತ್ತಿರುವವಳು ನಾನು. ಊರು ಬೀಳಗಿ. ಇಲ್ಲಿ ಫ್ಯಾಕ್ಟರಿಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಡೆಯವರು ನನ್ನ ಕೈಯ ರೊಟ್ಟಿ ಉಣ್ಣುತ್ತಾರೆ. ಅವರ ಜೊತೆ ಉಣ್ಣಲು ಬರುವ ಪೈಪ್ ಕೆಲಸದ ಮುರಳಿ ಮೊನ್ನೆ ಒಂದು ಕೃಷಿ ಮಾಸಪತ್ರಿಕೆ ತಂದುಕೊಟ್ಟ. ಅದರಲ್ಲಿ ನಿಮ್ಮ ಲೇಖನವಿತ್ತು. ಕೆಳಗೆ ತೊಟ್ಟಿಯಲ್ಲಿ ಮೀನು, ಮೇಲೆ ಜಲ್ಲಿಯಲ್ಲಿ ಸೊಪ್ಪು. ಮೀನಿನ ನೀರು ಮೋಟಾರಿನಿಂದ ಮೇಲೇರಿ ಸೊಪ್ಪು ಬೆಳೆಸಿ, ತಿಳಿಯಾಗಿ ಮತ್ತೆ ಕೆಳಗೆ ಬರುತ್ತದೆ ಎಂದು ಬರೆದಿದ್ದೀರಿ. ಮಣ್ಣೇ ಬೇಡವಂತೆ. ಎರಡು ಸಲ ಓದಿದೆ, ಮೂರನೇ ಸಲ ಕಣ್ಣಲ್ಲಿ ನೀರು ಬಂತು. ಯಾಕೆಂದು ಕೇಳಬೇಡಿ, ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ.

ನನಗೆ ಬೇಕಾಗಿರುವುದು ಹಕ್ಕರಕಿ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು, ಹೊಸಪೇಟೆಯವರಾದ ನಿಮಗೆ ಹೇಳಬೇಕಿಲ್ಲ. ಇಲ್ಲಿ ಗಾಡಿಯಲ್ಲಿ ಬರುವ ಸೊಪ್ಪು ಯಾವ ನೊರೆ ಕೆರೆಯ ನೀರು ಕುಡಿದು ಬೆಳೆದದ್ದೋ ಗೊತ್ತಿಲ್ಲ, ಹಸಿಯಾಗಿ ಕೊಡಲು ಧೈರ್ಯ ಸಾಲದು. ಹಿತ್ತಲಲ್ಲಿ ಬಿತ್ತಿ ನೋಡಿದೆ. ಒಂದು ಗೇಣು ಕೆರೆದರೆ ಹಳೇ ಪ್ಲಾಸ್ಟಿಕ್, ಗ್ರೀಸಿನ ವಾಸನೆ. ಮೊಳಕೆ ಹಳದಿಯಾಗಿ ಹೋಯಿತು.

ಎರಡು ಪ್ರಶ್ನೆ. ಒಂದು, ಎಷ್ಟು ಬೇಗ ಸೊಪ್ಪು ಕೈಗೆ ಬರುತ್ತದೆ? ಬೇಗ ಎಂದರೆ ತೀರಾ ಬೇಗ. ಎರಡು, ಕೊರಳಲ್ಲಿ ಲಿಂಗ ಇರುವವಳು ನಾನು. ಮೀನಿನ ನೀರು ಕುಡಿದ ಸೊಪ್ಪು ಸಸ್ಯಾಹಾರ ಹೌದೋ ಅಲ್ಲವೋ? ನಮ್ಮ ಉಣ್ಣುವವರು ಕೇಳಿಯೇ ಕೇಳುತ್ತಾರೆ.

ನಿಮ್ಮ ಫೋನ್ ನಂಬರು ಕೊಟ್ಟರೆ ಇನ್ನೂ ಒಳ್ಳೆಯದು.

ಮಹಾದೇವಿ ಶೇಖರಪ್ಪ


ಹೊಸಪೇಟೆ
8 ನವೆಂಬರ್ 2024

ಮಹಾದೇವಿ ಅವರಿಗೆ,

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ತುಂಗಭದ್ರೆಯಲ್ಲಿ ಮೀನಿಲ್ಲವೇ? ಆ ನೀರಿನಲ್ಲಿ ಬೆಳೆದ ಅಕ್ಕಿಯನ್ನು ನಿಮ್ಮ ಖಾನಾವಳಿಯಲ್ಲಿ ಬೇಯಿಸುವುದಿಲ್ಲವೇ? ಹಾಗಿದ್ದರೆ ನಿಮ್ಮ ಉಣ್ಣುವವರೆಲ್ಲ ಆಗಲೇ ಕೆಟ್ಟುಹೋಗಿದ್ದಾರೆ, ಹೊಸದಾಗಿ ಕೆಡುವುದೇನೂ ಇಲ್ಲ. ನಾನು ಗಂಗಾಮತಸ್ಥ, ಮೀನು ಮರಿ ಸಾಕುವ ಕೇಂದ್ರದಲ್ಲಿ ಮೂವತ್ತೊಂದು ವರ್ಷ ತೊಟ್ಟಿ ಕಾದವನು. ಮೀನಿನ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಸೊಪ್ಪು ಸೊಪ್ಪೇ.

ಮೊದಲ ಪ್ರಶ್ನೆಗೆ: ಬೇಗ ಆಗುವುದಿಲ್ಲ. ಜಲ್ಲಿಯ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಹುಟ್ಟಬೇಕು. ಮೀನಿನ ಹೊಲಸನ್ನು ಗೊಬ್ಬರ ಮಾಡುವವು ಅವೇ. ಅವು ಹುಟ್ಟಿ ನೆಲೆ ನಿಲ್ಲಲು ಆರು ವಾರ ಬೇಕು. ಅಲ್ಲಿಯವರೆಗೆ ಆ ಹೊಲಸು ಮೀನಿಗೇ ವಿಷ. ಐನೂರು ಲೀಟರ್ ತೊಟ್ಟಿಗೆ ಹದಿನೈದು ಮೀನು, ಒಂದೂ ಹೆಚ್ಚು ಬೇಡ. ಜಿಲೇಬಿ ಮೀನು ಬಿಡಿ, ಗಟ್ಟಿ ಜೀವ. ದಿನಕ್ಕೆ ಒಂದೇ ಸಲ, ಎರಡು ಬೆರಳಲ್ಲಿ ಹಿಡಿದಷ್ಟು ಆಹಾರ. ಟ್ಯಾಂಕರ್ ನೀರಾದರೆ ಒಂದು ದಿನ ಬಿಸಿಲಿಗಿಟ್ಟು ಬ್ಲೀಚಿಂಗ್ ಹೋದ ಮೇಲೆ ಹಾಕಿ. ಗಾಳಿಯ ಗುಳ್ಳೆ ಬಿಡುವ ಸಣ್ಣ ಮೋಟಾರು ಹಗಲೂ ರಾತ್ರಿ ಓಡಲಿ. ನೀರು ಪರೀಕ್ಷಿಸುವ ಔಷಧಿ ಅಲಂಕಾರ ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಸೀಸೆಯಲ್ಲಿ ತೊಟ್ಟಿಯ ನೀರು ತೆಗೆದು ಎರಡು ಹನಿ ಹಾಕಿದಾಗ ಅದು ಹಳದಿಯಾಗಿದ್ದರೆ ಕ್ಷೇಮ, ಹಸಿರಾದರೆ ಅಪಾಯ.

ಫೋನ್ ಮಾಡಬೇಡಿ. ನಾನು ಫೋನಿನ ಮನುಷ್ಯನಲ್ಲ. ಕೇಳುವುದಿದ್ದರೆ ಬರೆಯಿರಿ.

ಗಂಗಪ್ಪ


ಹೆಬ್ಬಗೋಡಿ
18 ನವೆಂಬರ್ 2024

ಗಂಗಪ್ಪ ಸರ್ ಅವರಿಗೆ ಶರಣು.

ಕಟ್ಟಿಬಿಟ್ಟೆವು. ಮುರಳಿ ಎರಡು ದಿನ ರಜೆ ಹಾಕಿ ಬಂದು ಹಳೇ ಸಿಂಟೆಕ್ಸ್ ತೊಟ್ಟಿ ಕೂರಿಸಿದ, ಮೇಲೆ ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ಸಾಲಾಗಿ ಇಟ್ಟ. ಜಲ್ಲಿ ನಾನೇ ತೊಳೆದೆ. ಹನ್ನೊಂದು ಸಲ ತೊಳೆದರೂ ಬಿಳಿ ನೀರು ಹೋಗುತ್ತಿತ್ತು. ಯಜಮಾನರು ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. "ಇದ ಕಲ್ಲಲ್ಲೇನ ನಾ ಇಷ್ಟ ವರ್ಷ ತಿಕ್ಕಿದ್ದು" ಅಂದರು. ಅವರು ಈಗ ಮನೆಯಲ್ಲೇ ಇರುತ್ತಾರೆ.

ಆನೇಕಲ್ಲಿನಿಂದ ಮೀನು ತಂದು ಬಿಟ್ಟಿದ್ದೇನೆ. ಊರಿಂದ ತರಿಸಿದ ಹಕ್ಕರಕಿ ಬೀಜವನ್ನೂ ಹಾಕಿದ್ದೇನೆ. ಮೀನು ಬಂದ ಮೊದಲ ದಿನವೇ ಗುಟ್ಟು ಬಯಲಾಯಿತು. "ಏನ ಅಕ್ಕಾರ, ಹಿತ್ತಲದಾಗ ಮೀನ ಸಾಕೀರಂತ? ನಾಳಿಂದ ಸಾರಿನ್ಯಾಗ ಬರ್ತಾವೇನ?" ಎಂದು ಒಬ್ಬ ಕೇಳಿದ. ತುಂಗಭದ್ರೆಯ ಮಾತು ಹೇಳಿದೆ. ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಇಬ್ಬರು ಮಾತ್ರ ಮರುದಿನದಿಂದ ಬಂದಿಲ್ಲ. ಹೋಗಲಿ ಬಿಡಿ.

ಸರ್, ಒಂದು ಹೇಳಲೇ? ನಾನು ತೊಟ್ಟಿಯ ಹತ್ತಿರ ಹೋದರೆ ಸಾಕು, ಅಷ್ಟೂ ಓಡಿ ಬರುತ್ತವೆ. ಹಾಕಿದ್ದನ್ನು ಗಬಗಬ ತಿನ್ನುತ್ತವೆ. ಬೇಡ ಅನ್ನುವುದೇ ಇಲ್ಲ. ಹೀಗೆ ಆಸೆಯಿಂದ ಉಣ್ಣುವವರನ್ನು ಮನೆಯೊಳಗೆ ನೋಡಿ ಎಷ್ಟು ದಿನವಾಗಿತ್ತು.

ಆರು ವಾರವನ್ನು ಮೂರು ವಾರ ಮಾಡಲು ಏನಾದರೂ ಉಪಾಯ ಇದ್ದರೆ ತಿಳಿಸಿ.

ಮಹಾದೇವಿ


ಹೆಬ್ಬಗೋಡಿ
25 ನವೆಂಬರ್ 2024

ಗಂಗಪ್ಪ ಸರ್,

ಏಳು ಮೀನು ಸತ್ತಿವೆ. ಮೊನ್ನೆ ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೀರಿಗೆ ಔಷಧಿ ಹಾಕಿದರೆ ಹಸಿರು, ಬೇವಿನ ಎಲೆಯಂಥ ಹಸಿರು. ಮುರಳಿಯನ್ನು ಕರೆಸಿದೆ. "ಪಂಪ್ ಸಕ್ಕತ್ತಾಗಿ ಓಡ್ತಾ ಇದೆ ಕಣಕ್ಕ, ಮೀನು ಸತ್ರೆ ನಾನೇನ್ ಮಾಡ್ಲಿ" ಅಂದ.

ನೀವು ಬೇಡ ಅಂದರೂ ಪತ್ರಿಕೆಯ ಆಫೀಸಿನಿಂದ ನಿಮ್ಮ ಮನೆಯ ನಂಬರು ತೆಗೆದುಕೊಂಡು ನಿನ್ನೆ ಫೋನ್ ಮಾಡಿದೆ. ಯಾರೋ ಎತ್ತಿದರು. ನಾನು ಬಾಯಿ ಬಡಿದುಕೊಂಡು ಎಲ್ಲಾ ಹೇಳಿದೆ. ಆ ಕಡೆಯಿಂದ ಬರೀ ಬುಸ್ ಬುಸ್ ಎಂದು ಉಸಿರು, ಆಮೇಲೆ ಇಟ್ಟುಬಿಟ್ಟರು. ನೀವೇ ಆಗಿದ್ದರೆ, ಒಬ್ಬ ಹೆಂಗಸು ಅಳುವಾಗ ಹಾಗೆ ಇಡಬಾರದಿತ್ತು.

ಏನು ಮಾಡಲಿ, ಬೇಗ ಬರೆಯಿರಿ. ನನಗೆ ದಿನಗಳಿಲ್ಲ.

ಮಹಾದೇವಿ


ಹೊಸಪೇಟೆ
29 ನವೆಂಬರ್ 2024

ಮಹಾದೇವಿ ಅವರಿಗೆ,

ಫೋನ್ ಬೇಡ ಎಂದು ಬರೆದಿದ್ದೆ. ಆ ವಿಷಯ ಅಲ್ಲಿಗೆ ಬಿಡಿ.

ಎಷ್ಟು ಮೀನು ಬಿಟ್ಟಿರಿ? ಏನು ಹಾಕುತ್ತಿದ್ದೀರಿ? ಎಷ್ಟು ಸಲ? ಒಂದನ್ನೂ ನೀವು ಬರೆದಿಲ್ಲ. ಈ ಪತ್ರ ತಲುಪಿದ ತಕ್ಷಣ ಆಹಾರ ಪೂರ್ತಿ ನಿಲ್ಲಿಸಿ. ಐದು ದಿನ ಒಂದು ಕಾಳೂ ಬೇಡ, ಮೀನು ಸಾಯುವುದಿಲ್ಲ. ಮೂರರಲ್ಲಿ ಒಂದು ಪಾಲು ನೀರು ತೆಗೆದು, ಬಿಸಿಲಿಗಿಟ್ಟ ನೀರು ತುಂಬಿ. ಗಾಳಿಯ ಮೋಟಾರು ಇನ್ನೊಂದು ಹಾಕಿ. ಜಲ್ಲಿ ತೊಳೆಯಬೇಡಿ, ಲೋಳೆ ಕಟ್ಟಿದರೆ ಕಟ್ಟಲಿ, ಜೀವ ಇರುವುದೇ ಆ ಲೋಳೆಯಲ್ಲಿ.

ಮೂರು ವಾರಕ್ಕೆ ಉಪಾಯ ಇಲ್ಲ. ನಿಮ್ಮಂಥವರನ್ನು ನಾನು ಬಹಳ ನೋಡಿದ್ದೇನೆ. ಇವತ್ತು ತೊಟ್ಟಿ ಕಟ್ಟಿ ನಾಳೆ ಅಂಗಡಿಗೆ ಬೋರ್ಡು ಹಾಕುವ ಅವಸರ. ನಿಮ್ಮ ಯಜಮಾನರು ಕುರ್ಚಿಯಲ್ಲಿ ಕೂತು ನೋಡುವ ಬದಲು ಸ್ವಲ್ಪ ಮೈ ಬಗ್ಗಿಸಿ ನೀರು ಬದಲಿಸಲಿ. ಮನೆಯಲ್ಲೇ ಇರುತ್ತಾರಲ್ಲ.

ಗಂಗಪ್ಪ


ಹೆಬ್ಬಗೋಡಿ
6 ಡಿಸೆಂಬರ್ 2024

ಗಂಗಪ್ಪ ಅವರಿಗೆ,

ನನ್ನ ಯಜಮಾನರ ಸುದ್ದಿಗೆ ಬರಬೇಡಿ. ಅವರು ಮೈ ಬಗ್ಗಿಸಿದಷ್ಟು ನೀವು ಬಗ್ಗಿಸಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ.

ನೀವು ಹೇಳಿದ್ದೆಲ್ಲಾ ಮಾಡಿದ್ದೇನೆ. ಇಪ್ಪತ್ತು ಮೀನು ಬಿಟ್ಟಿದ್ದೆ. ಐದು ದಿನ ಉಪವಾಸ ಕೆಡವಿದ್ದೇನೆ. ನೀರು ಬದಲಿಸಿದ್ದೇನೆ, ಎರಡನೇ ಮೋಟಾರು ತಂದಿದ್ದೇನೆ. ಆದರೂ ಮತ್ತೆ ಹನ್ನೆರಡು ಸತ್ತಿವೆ. ಉಳಿದವು ನಾನು ಹೋದರೆ ಹಿಂಡಾಗಿ ಬರುತ್ತವೆ, ಆದರೆ ಮೊದಲಿನ ಚುರುಕಿಲ್ಲ. ಹಕ್ಕರಕಿ ಎರಡೆಲೆ ಒಡೆದು ನಿಂತುಬಿಟ್ಟಿದೆ. ನಾನು ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಬೇಡಿಕೊಳ್ಳುತ್ತೇನೆ.

ಬೋರ್ಡು ಹಾಕುವುದಿಲ್ಲ. ನನಗೆ ಬೇಕಾಗಿರುವುದು ಒಂದು ಹಿಡಿ, ಒಂದೇ ಒಂದು ಹಿಡಿ.

ಮಹಾದೇವಿ


ಹೊಸಪೇಟೆ
11 ಡಿಸೆಂಬರ್ 2024

ಮಹಾದೇವಿ ಅವರಿಗೆ,

ಮೊದಲು ಏಳು, ಆಮೇಲೆ ಹನ್ನೆರಡು. ಇಪ್ಪತ್ತರಲ್ಲಿ ಹತ್ತೊಂಬತ್ತು ಹೋದರೆ ಉಳಿಯುವುದು ಒಂದು. ಒಂದು ಮೀನು ಹಿಂಡಾಗಿ ಬರುವುದನ್ನು ನನ್ನ ಮೂವತ್ತೊಂದು ವರ್ಷದ ಕೆಲಸದಲ್ಲಿ ನಾನು ನೋಡಿಲ್ಲ. ನೋಡಿದ್ದರೆ ಅದರ ಮೇಲೆಯೇ ಒಂದು ಲೇಖನ ಬರೆಯುತ್ತಿದ್ದೆ.

ನೀವು ನನಗೆ ಸುಳ್ಳು ಹೇಳುತ್ತಿದ್ದೀರಿ. ನನಗೆ ಹೇಳಿದರೆ ನಷ್ಟವಿಲ್ಲ, ನೀರಿಗೆ ಹೇಳಲಾಗುವುದಿಲ್ಲ. ಒಂದು ಹಿಡಿ ಸೊಪ್ಪಿಗಾಗಿ ಇಷ್ಟು ಜೀವ ಸಾಯಿಸುವುದು ಬೇಡ. ಉಳಿದ ಮೀನನ್ನು ಯಾವುದಾದರೂ ಬಾವಿಗೆ ಬಿಟ್ಟು, ಆನೇಕಲ್ ಸಂತೆಯಲ್ಲಿ ಸೊಪ್ಪು ಕೊಂಡು, ಉಪ್ಪು ನೀರಿನಲ್ಲಿ ತೊಳೆದು ತಿನ್ನಿ.

ಗಂಗಪ್ಪ


ಹೆಬ್ಬಗೋಡಿ
19 ಡಿಸೆಂಬರ್ 2024

ಗಂಗಪ್ಪ ಸರ್,

ಅರವತ್ತು ಬಿಟ್ಟಿದ್ದೆ. ಹೆಚ್ಚು ಮೀನು ಬಿಟ್ಟರೆ ಹೆಚ್ಚು ಗೊಬ್ಬರ, ಬೇಗ ಸೊಪ್ಪು ಎಂದುಕೊಂಡೆ. ಈಗ ಇಪ್ಪತ್ತೊಂದು ಉಳಿದಿವೆ. ಉಪವಾಸ ಕೆಡವಿದೆ ಎಂದದ್ದೂ ಸುಳ್ಳು. ಒಂದು ಹೊತ್ತೂ ತಪ್ಪಿಸಿಲ್ಲ. ದಿನಕ್ಕೆ ನಾಲ್ಕು ಸಲ ಹಾಕಿದ್ದೇನೆ, ರೊಟ್ಟಿ ಪುಡಿ, ಅನ್ನ, ಅಂಗಡಿಯ ಕಾಳು, ಎಲ್ಲಾ. ನನ್ನಿಂದ ಆಗುವುದಿಲ್ಲ ಸರ್. ನಮ್ಮ ಖಾನಾವಳಿಯ ಪದ್ಧತಿ ನಿಮಗೆ ಗೊತ್ತಿರಬಹುದು. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿಯುವವರೆಗೂ ನೀಡುತ್ತೇವೆ, ಹಿಡಿದ ಮೇಲೂ ಕೈ ಸರಿಸಿ ಅರ್ಧ ರೊಟ್ಟಿ ಹಾಕುತ್ತೇವೆ. ಹದಿನೆಂಟು ವರ್ಷ ಹಾಗೆಯೇ ನೀಡಿದ ಕೈ ಇದು. ಮೀನಿಗೆ ಅಡ್ಡ ಹಿಡಿಯಲು ಕೈಯೇ ಇಲ್ಲವಲ್ಲ.

ಇನ್ನು ಮುಚ್ಚಿಡುವುದಿಲ್ಲ. ಹಕ್ಕರಕಿ ನನ್ನ ಯಜಮಾನರಿಗೆ. ಶೇಖರಪ್ಪ ಜಿಗಣಿಯ ಕಲ್ಲು ಪಾಲಿಶ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅವರ ಎದೆಯ ತುಂಬ ಕಲ್ಲಿನ ಧೂಳು ಕೂತು ಗಟ್ಟಿಯಾಗಿದೆಯಂತೆ. ಔಷಧಿಯಿಲ್ಲ. "ಬೇಸಿಗಿ ತನ ನೋಡೋಣ" ಎಂದರು ಡಾಕ್ಟರು. ಕುರ್ಚಿಯಲ್ಲಿ ಕೂರುತ್ತಾರೆ ಎಂದು ಬರೆದಿದ್ದೆನಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಕೂರುತ್ತಾರೆ. ನೀವು ಅವರಿಗೆ ಮೈ ಬಗ್ಗಿಸಲು ಹೇಳಿದಿರಿ. ಆ ಕಾಗದವನ್ನು ನಾನು ಒಲೆಗೆ ಹಾಕಿದೆ.

ದಸರೆಯ ಹೊತ್ತಿಗೆ ಅವರು ಊಟ ಬಿಟ್ಟರು. ಒಂದು ದಿನ ತಾವಾಗಿಯೇ, "ಬಿಸಿ ರೊಟ್ಟಿ, ಹಕ್ಕರಕಿ... ಒಂದ್ ಸಲ ಸಿಕ್ರ ಸಾಕಿತ್ತು ನೋಡ" ಅಂದರು. ಡಾಕ್ಟರನ್ನು ಕೇಳಿದರೆ, ಹೊರಗಿನ ಸೊಪ್ಪು ಹಸಿಯಾಗಿ ಮುಟ್ಟಿಸಲೇಬೇಡಿ, ಒಂದು ಸೋಂಕು ತಗುಲಿದರೂ ಈ ಎದೆ ತಡೆಯುವುದಿಲ್ಲ ಎಂದರು. ಅದಕ್ಕೆ ಈ ತೊಟ್ಟಿ. ಹಕ್ಕರಕಿ ಬಂದರೆ ಅವರು ಉಣ್ಣುತ್ತಾರೆ, ಉಂಡರೆ ಉಳಿಯುತ್ತಾರೆ. ಸಾವಿರ ಜನಕ್ಕೆ ಉಣಿಸಿದವಳ ಗಂಡ ಉಣ್ಣದೆ ಹೋದರೆ ನಾನು ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರಿಗೆ ರೊಟ್ಟಿ ಬಡಿಯಲಿ?

ದಿನಾ ಬೆಳಿಗ್ಗೆ ಎದ್ದರೆ ಎರಡು ಕಡೆಯೂ ಅದೇ ನೋಟ. ಹಿತ್ತಲಲ್ಲಿ ಮೀನೆಲ್ಲ ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತವೆ. ಒಳಗೆ ಇವರು ಕುರ್ಚಿಯಲ್ಲಿ ಮುಂದೆ ಬಾಗಿ ಬಾಯಿ ತೆರೆದು ಕೂತಿರುತ್ತಾರೆ. ಹಸಿದಿದ್ದಾರೆ ಎಂದು ನಾನು ಗಂಜಿ ತೆಗೆದುಕೊಂಡು ಓಡುತ್ತೇನೆ. ಚಮಚ ಬಾಯಿಗಿಟ್ಟರೆ ಮುಖ ತಿರುಗಿಸುತ್ತಾರೆ. ಬಲವಂತವಾಗಿ ಅರ್ಧ ಬಟ್ಟಲು ಹಾಕುತ್ತೇನೆ. ಕೈ ಎತ್ತುತ್ತಾರೆ, ಆ ಕೈಯನ್ನು ಸರಿಸಿ ಹಾಕುತ್ತೇನೆ. ಆಮೇಲೆ ಒಂದು ತಾಸು ಕೆಮ್ಮು, ತುಟಿ ನೀಲಿಯಾಗುತ್ತದೆ. ಹೊಟ್ಟೆಗೆ ಇಲ್ಲದೆ ಹೀಗಾಗುತ್ತಿದೆ ಎಂದು ಮತ್ತೆ ಹಾಕುತ್ತೇನೆ. ಅಲ್ಲೂ ಇಲ್ಲೂ ಇಷ್ಟು ಹಾಕಿದರೂ ಯಾಕೆ ಯಾರೂ ಉಳಿಯುತ್ತಿಲ್ಲ ಹೇಳಿ.

ನನಗೆ ಮಕ್ಕಳಿಲ್ಲ, ಬೇರೆ ಯಾರೂ ಇಲ್ಲ. ಬೈದು ಬರೆದರೂ ಸರಿ, ಬರೆಯಿರಿ.

ಮಹಾದೇವಿ


ಹೊಸಪೇಟೆ
23 ಡಿಸೆಂಬರ್ 2024
ಸ್ಪೀಡ್ ಪೋಸ್ಟ್

ತಂಗಿ ಮಹಾದೇವಿ,

ಗಂಜಿಯ ಬಟ್ಟಲು ಕೆಳಗಿಡು. ಮೊದಲು ಅದು. ಆಮೇಲೆ ಮುಂದೆ ಓದು.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುವುದು ಹಸಿವಿಗಲ್ಲ. ನೀರಿನಲ್ಲಿ ಗಾಳಿ ಮುಗಿದಿದೆ, ಉಸಿರಿಗಾಗಿ ಬಾಯಿ ತೆರೆಯುತ್ತವೆ. ಆಗ ನೀನು ಹಾಕಿದ ಒಂದೊಂದು ಹಿಡಿಯೂ ಕೊಳೆತು, ಉಳಿದ ಗಾಳಿಯನ್ನೂ ತಿಂದುಹಾಕುತ್ತದೆ. ನೀನು ಅವನ್ನು ಉಣಿಸಿ ಕೊಂದೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯಲೇಬೇಕು. ಬಾಯಿ ತೆರೆಯುತ್ತವೆ ಎಂದು ಮೊದಲೇ ಬರೆದಿದ್ದರೆ ಅವತ್ತೇ ಹೇಳುತ್ತಿದ್ದೆ. ನಾನೂ ಕೇಳಲಿಲ್ಲ, ಬರೀ ಬೈದೆ.

ಶೇಖರಪ್ಪನವರು ಬಾಯಿ ತೆರೆಯುವುದೂ ಅದಕ್ಕೇ ಇರಬೇಕು. ನಾನು ಡಾಕ್ಟರಲ್ಲ, ನಾಳೆಯೇ ಡಾಕ್ಟರನ್ನು ಕೇಳು. ಆದರೆ ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ಗಂಟಲಲ್ಲಿ ಗಡ್ಡೆಯಾಗಿ ನನ್ನ ಧ್ವನಿಪೆಟ್ಟಿಗೆ ತೆಗೆದು ಏಳು ವರ್ಷವಾಯಿತು. ಕುತ್ತಿಗೆಯಲ್ಲಿ ಎಂಟಾಣೆಯಷ್ಟು ತೂತು ಇದೆ, ಉಸಿರು ಅಲ್ಲಿಂದಲೇ. ಮಾತಿಲ್ಲ. ನವೆಂಬರಿನಲ್ಲಿ ಫೋನ್ ಎತ್ತಿದವನು ನಾನೇ. "ಏಳು ಸತ್ತಾವ್ರಿ, ಏನ ಮಾಡ್ಲಿ" ಎಂದು ನೀನು ಕೇಳಿದ್ದು ಪೂರ್ತಿ ಕೇಳಿಸಿತು. ಉತ್ತರವೂ ಗೊತ್ತಿತ್ತು. ಬುಸ್ ಬುಸ್ ಅನ್ನುವುದಷ್ಟೇ ನನ್ನಿಂದ ಆಯಿತು. ನಾಚಿಕೆಯಾಗಿ ಇಟ್ಟುಬಿಟ್ಟೆ.

ಆಪರೇಷನ್ನಿಗೆ ಮೊದಲು ನಾಲ್ಕು ತಿಂಗಳು ನಾನು ಉಸಿರಿಗೆ ಒದ್ದಾಡುತ್ತಿದ್ದೆ. ನನ್ನ ಹೆಂಡತಿ ಬಸಮ್ಮ ನಿನ್ನ ಹಾಗೆಯೇ ಬಟ್ಟಲು ಹಿಡಿದು ಓಡಿ ಬರುತ್ತಿದ್ದಳು. ಹೊಟ್ಟೆ ತುಂಬಿದರೆ ಎದೆಗೆ ಜಾಗವಿರುವುದಿಲ್ಲ ತಂಗಿ, ಒಳಗಿಂದ ಯಾರೋ ಒದ್ದ ಹಾಗಾಗುತ್ತದೆ. ಅವಳಿಗೆ ಹೇಗೆ ಹೇಳಲಿ? ನನಗೆ ದನಿ ಹೋಗಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಒಂದು ದಿನ ಬಟ್ಟಲನ್ನು ಕಿತ್ತು ಗೋಡೆಗೆ ಎಸೆದೆ. ಅವಳು ಗಂಜಿ ಬಳಿಯುತ್ತಾ ಅತ್ತಳು. ನಾನು ಗುಣವಾದೆ, ಅವಳು ಹೋಗಿ ಮೂರು ವರ್ಷವಾಯಿತು. ಅದು ಸಿಟ್ಟಲ್ಲ, ಉಸಿರು ಎಂದು ಬರೆದು ಬೇರೆಯವರ ಕೈಯಲ್ಲಿ ಓದಿಸಲು ನಾಚಿಕೆಯಾಯಿತು, ಅವಳಿಗೆ ಕೊನೆಗೂ ತಿಳಿಸಲಾಗಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಅವರು ಕೈ ಎತ್ತಿದರೆ ಸರಿಸಬೇಡ. ಕಿಟಕಿ ತೆಗೆ. ದಿಂಬು ಕೊಟ್ಟು ನೆಟ್ಟಗೆ ಕೂರಿಸು. ಅವರಾಗಿ ಕೇಳಿದರೆ ಎರಡು ಚಮಚ, ಅಷ್ಟೇ. ಆಕ್ಸಿಜನ್ ಯಂತ್ರದ ಬಗ್ಗೆ ಡಾಕ್ಟರನ್ನು ಕೇಳು. ಮೀನಿಗೆ ಐದು ದಿನ ಏನೂ ಹಾಕಬೇಡ.

ಕುರ್ಚಿಯ ಮಾತಿಗೆ ಕ್ಷಮಿಸು.

ನಿನ್ನ ಅಣ್ಣ,
ಗಂಗಪ್ಪ


ಹೊಸಪೇಟೆ
10 ಜನವರಿ 2025

ತಂಗಿ ಮಹಾದೇವಿ,

ನಿನ್ನಿಂದ ಕಾಗದವಿಲ್ಲ. ಉಣಿಸಿ ಕೊಂದೆ ಎಂದು ಬರೆದದ್ದು ತಪ್ಪಾಯಿತೇನೋ. ಆ ಸಾಲು ಹೊಡೆದುಹಾಕಿ ಬೇರೆ ಬರೆಯಬೇಕಿತ್ತು. ಮಾತಾಡುವವರಿಗಾದರೆ ನಾಲಿಗೆ ಕಚ್ಚಿಕೊಳ್ಳಲು ಅವಕಾಶವಿದೆ, ಅಂಚೆಗೆ ಹಾಕಿದ ಮೇಲೆ ಏನು ಮಾಡುವುದು?

ನೀರು ಹಳದಿಗೆ ಬಂತೇ? ಅವರು ಹೇಗಿದ್ದಾರೆ? ಒಂದು ಕಾರ್ಡಿನಲ್ಲಿ ಎರಡು ಸಾಲು ಬರೆದರೂ ಸಾಕು.

ಗಂಗಪ್ಪ


ಹೊಸಪೇಟೆ
30 ಜನವರಿ 2025

ತಂಗಿ,

ಮೂರು ವಾರದಿಂದ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೇನೆ. ನಿನ್ನೆ ಅವನೇ "ಇಲ್ರಿ ಗಂಗಪ್ಪಣ್ಣ, ಇವತ್ತೂ ಇಲ್ಲ" ಎಂದು ದೂರದಿಂದಲೇ ಕೂಗಿದ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಎಂದಾದರೂ ಬರೆ. ನೀನು ಬೈದು ಬರೆದರೂ ಸರಿ ಅಂದಿದ್ದೆ, ಈಗ ಅದೇ ಮಾತನ್ನು ನಾನು ಹೇಳುತ್ತಿದ್ದೇನೆ.

ಗಂಗಪ್ಪ


ಹೆಬ್ಬಗೋಡಿ
16 ಫೆಬ್ರವರಿ 2025

ಗಂಗಪ್ಪಣ್ಣ, ಶರಣು.

ನಿಮ್ಮ ಮೂರು ಕಾಗದವೂ ಬಂದಿವೆ. ಸಿಟ್ಟಿಲ್ಲ. ಬರೆಯಲು ಕೂತರೆ ಅವರ ಪಕ್ಕದಿಂದ ಏಳಬೇಕಾಗುತ್ತಿತ್ತು, ಅದಕ್ಕೆ ಬರೆಯಲಿಲ್ಲ.

ನಿಮ್ಮ ಸ್ಪೀಡ್ ಪೋಸ್ಟ್ ಬಂದಾಗ ನನ್ನ ಕೈಯಲ್ಲಿ ನಿಜವಾಗಿಯೂ ಗಂಜಿಯ ಬಟ್ಟಲಿತ್ತು. ಬಾಗಿಲಲ್ಲೇ ನಿಂತು ಓದಿದೆ. ಬಟ್ಟಲು ಕೆಳಗಿಟ್ಟು ಅವರ ಮುಂದೆ ಕುಕ್ಕರಿಸಿ, "ಹಸಿವಲ್ಲೇನ್ರಿ? ಉಸಿರೇನ?" ಎಂದು ಕೇಳಿದೆ. ಅವರು ಕಣ್ಣು ಮುಚ್ಚಿದರು. ನೀರು ಇಳಿಯಿತು. "ಹೂಂ... ಎಷ್ಟ ದಿನದಿಂದ... ಕೈ ಎತ್ತಾಕತ್ತೀನಿ..." ಅಂದರು. ಅಷ್ಟು ಹೇಳಲು ನಾಲ್ಕು ಸಲ ನಿಂತರು. ಅಣ್ಣ, ನನ್ನ ಈ ಎರಡು ಕೈಗಳನ್ನು ಅವತ್ತು ಒಲೆಗೆ ಇಡಬೇಕು ಅನ್ನಿಸಿತು.

ಡಾಕ್ಟರೂ ನೀವು ಬರೆದದ್ದನ್ನೇ ಹೇಳಿದರು. ಇಷ್ಟು ದಿನ ಉಣಿಸುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆನೇ ಹೊರತು ಹೇಗೆ ಉಣಿಸುತ್ತೇನೆಂದು ಅವರಿಗೆ ಹೇಳಿರಲಿಲ್ಲ. ಆಕ್ಸಿಜನ್ ಯಂತ್ರ ಬಂತು. ಎರಡು ಚಮಚ, ನಾಲ್ಕು ಹೊತ್ತು. ಮೂರನೇ ದಿನ ಅವರು ದಿಂಬಿಗೆ ಒರಗಿ ನಿದ್ದೆ ಮಾಡಿದರು, ಪೂರ್ತಿ ಮೂರು ತಾಸು. ನಾನು ಅಲ್ಲೇ ಕೂತು ಅವರ ಉಸಿರಿನ ಸದ್ದು ಕೇಳುತ್ತಿದ್ದೆ. ಗರ ಗರ ಎಂದು ಬರುತ್ತಿತ್ತು, ಆದರೂ ಬರುತ್ತಿತ್ತು. ಮೊದಲಾಗಿದ್ದರೆ ಆ ಹೊತ್ತಿಗೆ ಎಬ್ಬಿಸಿ ಉಣಿಸುತ್ತಿದ್ದೆ.

ಮೀನಿಗೆ ಐದು ದಿನ ಏನೂ ಹಾಕಲಿಲ್ಲ. ಕೈಗೆ ಸೆರಗು ಸುತ್ತಿಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದೆ. ಹದಿನಾಲ್ಕು ಉಳಿದವು. ಸಂಕ್ರಾಂತಿಯ ಮರುದಿನ ನೀರಿಗೆ ಔಷಧಿ ಹಾಕಿದರೆ ಹಳದಿ. ಮುರಳಿ ಆ ಸೀಸೆಯನ್ನು ಖಾನಾವಳಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದ. ಆಮೇಲೆ ಹಕ್ಕರಕಿ ಹೇಗೆ ಎದ್ದಿತು ಅಂತೀರಿ! ದಿನಕ್ಕೊಂದು ಎಲೆ.

ಫೆಬ್ರವರಿ ಒಂದನೇ ತಾರೀಖು, ಶನಿವಾರ, ಒಂದು ಹಿಡಿ ಕಿತ್ತೆ. ಬಿಸಿ ರೊಟ್ಟಿ, ಸ್ವಲ್ಪ ಚಟ್ನಿಪುಡಿ, ಹಕ್ಕರಕಿ. ತಾಟು ಅವರ ತೊಡೆಯ ಮೇಲಿಟ್ಟು ದೂರ ಕೂತೆ. ಹೆಬ್ಬೆರಳಷ್ಟು ರೊಟ್ಟಿ ಮುರಿದು, ಎರಡು ಎಲೆ ಸೇರಿಸಿ ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು. "ನಮ್ಮ ಹೊಲದ್ದ... ಐತಿ ನೋಡ" ಅಂದರು. ಇನ್ನೊಂದು ಎಲೆ ತಿಂದರು. ನನ್ನ ಕೈ ತಾನಾಗಿಯೇ ಎರಡನೇ ರೊಟ್ಟಿಗೆ ಹೋಯಿತು. ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

ನಾನು ರೊಟ್ಟಿಯನ್ನು ವಾಪಸ್ಸು ಬುಟ್ಟಿಗೆ ಹಾಕಿದೆ. ಅಣ್ಣ, ಜೀವಮಾನದಲ್ಲಿ ಮೊದಲ ಸಲ. ಅದನ್ನು ನೋಡಿ ಅವರಿಗೆ ನಗು ಬಂತು, ನಗಲು ಉಸಿರು ಸಾಲದಿದ್ದರೂ ನಕ್ಕರು. "ಇವತ್ತ... ಹೊಟ್ಟಿ ತುಂಬ ಉಂಡೆ" ಅಂದರು. ಉಂಡದ್ದು ಮೂರು ಎಲೆ.

ನಾಲ್ಕನೇ ತಾರೀಖು ಬೆಳಿಗ್ಗೆ ಲಿಂಗೈಕ್ಯರಾದರು. ಬೀಳಗಿಗೆ ಒಯ್ದು ಮಣ್ಣು ಕೊಟ್ಟೆವು. ಮೊನ್ನೆ ವಾಪಸ್ಸು ಬಂದೆ. ಮೀನನ್ನು ಮುರಳಿ ನೋಡಿಕೊಂಡಿದ್ದಾನೆ, ಎರಡು ಬೆರಳಲ್ಲಿ ಹಿಡಿದಷ್ಟೇ ಹಾಕಿದೆ ಎಂದು ಆಣೆ ಮಾಡಿ ಹೇಳಿದ. ನಿನ್ನೆಯಿಂದ ಒಲೆ ಹೊತ್ತಿಸಿದ್ದೇನೆ. ಉಣ್ಣುವವರು ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತೇನೆ. "ಯಾಕ ಅಕ್ಕಾರ, ಸಿಟ್ಟಾಗೀರೇನ?" ಎಂದು ಕೇಳುತ್ತಾರೆ. ಇಲ್ಲಪ್ಪ ಅನ್ನುತ್ತೇನೆ.

ಒಂದು ಕೇಳಲೇ ಅಣ್ಣ? ಮನೆಯಲ್ಲಿ ಎಲ್ಲಾ ಸದ್ದೂ ಇದೆ. ಮೋಟಾರು, ಹೊಸೂರು ರಸ್ತೆಯ ಲಾರಿ, ಊಟದ ಹೊತ್ತಿನ ಗಲಾಟೆ. ಆ ಗರ ಗರ ಸದ್ದೊಂದು ಇಲ್ಲ. ಮೂರು ತಿಂಗಳು ಅದನ್ನು ಹಸಿವು ಎಂದುಕೊಂಡೆ, ಐದು ವಾರ ಸರಿಯಾಗಿ ಕೇಳಿಸಿಕೊಂಡೆ, ಅಷ್ಟರಲ್ಲಿ ನಿಂತಿತು. ಸಂಜೆಯಾದರೆ ಕುರ್ಚಿಯ ಕಡೆ ಕಿವಿ ಹೋಗುತ್ತದೆ, ಏನೂ ಇರುವುದಿಲ್ಲ, ತಡೆಯಲಾಗುತ್ತಿಲ್ಲ.

ಬರುವ ಭಾನುವಾರ ನಾಲ್ಕು ಗಂಟೆಗೆ ನಿಮ್ಮ ಮನೆಗೆ ಫೋನ್ ಮಾಡುತ್ತೇನೆ. ಎತ್ತಿ ಸುಮ್ಮನೆ ಹಿಡಿದುಕೊಳ್ಳಿ. ನೀವು ಏನೂ ಹೇಳಬೇಕಾಗಿಲ್ಲ, ನಾನೂ ಪ್ರಶ್ನೆ ಕೇಳುವುದಿಲ್ಲ. ಈ ಸಲ ನಾಚಿಕೊಂಡು ಇಟ್ಟುಬಿಡಬೇಡಿ.

ನಿಮ್ಮ ತಂಗಿ,
ಮಹಾದೇವಿ